ನಕಲಿಗೊಂದು ಬೇರೆ ದಾರಿ

ಸಾದಿಕ್ ಅಣ್ಣನ ಬಲಗೈ ಹೆಬ್ಬೆರಳಿಗೆ ಸೋಪು ಹಚ್ಚಿ ಉಜ್ಜುತ್ತಿದ್ದ. ಕೇಬಲ್ಲುಗಳಿಗೆ ನಂಬರು ಬರೆಯುವ ಮಾರ್ಕರಿನ ಕಪ್ಪು ಉಗುರಿನ ಸಂದಿಯಲ್ಲಿ ಉಳಿದುಬಿಟ್ಟಿತ್ತು. ನೀರು ಹಾಕುತ್ತಿದ್ದ ಹಿರಿಯರು "ಸಾಕು ಬಿಡಪ್ಪಾ" ಎಂದರೂ ಅವನು ಕೈ ತೆಗೆಯಲಿಲ್ಲ.

ಹಿಂದಿನ ಸಂಜೆ ಚಾಮರಾಜನಗರದಿಂದ ಬರುವ ಬಸ್ಸಿನಲ್ಲಿ ಅಣ್ಣ ಅಪ್ಸರ್ ಪಾಷಾ ಕಿಟಕಿಗೆ ಒರಗಿದವನು ಹಾಗೆಯೇ ತೀರಿಕೊಂಡಿದ್ದ. ಗುಂಡ್ಲುಪೇಟೆಯಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರು ಭುಜ ಅಲುಗಿಸಿದಾಗಲೇ ಗೊತ್ತಾದದ್ದು. ನಲವತ್ತೊಂದು ವರ್ಷ.

ಅಣ್ಣನ ಕೊನೆಯ ಸ್ನಾನ ಮುಗಿಸಿ ಹೊರಬಂದ ಸಾದಿಕ್, ಗೋಡೆ ಪಕ್ಕ ನಿಂತಿದ್ದ ಶಶಿಕುಮಾರನ ಬಳಿ ಹೋದ. ಚಾಮರಾಜನಗರದ ಆಸ್ಪತ್ರೆಯ ಕಂಪ್ಯೂಟರ್ ರೂಮಿನಲ್ಲಿ ಅಣ್ಣನ ಜೊತೆಗಿದ್ದವನು ಅವನೊಬ್ಬನೇ.

"ನಮ್ಮಣ್ಣ ಅಲ್ಲಿ ಏನ್ ಮಾಡ್ತಿದ್ದ ಶಶಿ? ಎಲ್ರೂ ಕೇಳ್ತಾವ್ರೆ. ನಂಗೇ ಗೊತ್ತಿಲ್ಲ."

"ಆಸ್ಪತ್ರೆ ಕಂಪ್ಯೂಟರುಗಳ ಕೆಲಸ, ದಾಖಲೆ ಎಲ್ಲ ಒಂದೇ ದೊಡ್ಡ ಮಿಷಿನ್ ಒಳಗವೆ ಸಾದಿಕ್ ಭಾಯ್. ಅದು ಕೆಟ್ರೆ ಕಷ್ಟ ಅಂತ, ಅವನ್ನ ಹಂಗಂಗೇ ನಕಲು ಮಾಡಿ ಇಲ್ಲಿ ಗುಂಡ್ಲುಪೇಟೆ ಬ್ರಾಂಚಲ್ಲಿ ಇಡೋದು."

"ಅಷ್ಟೇನಾ?"

"ಅಷ್ಟೇ. ಆದ್ರೆ ನಕಲು ಹೋಗೋಕೆ ಬೇರೆ ದಾರಿ ಬೇಕು ಅಂತ ಒಂದ್ ವರ್ಷ ಹಟ ಹಿಡಿದ್ರು. ಹೋದ ತಿಂಗಳು ಆಯ್ತು."

ಯಾಕೆ ಹಟ ಹಿಡಿದ ಎಂದು ಸಾದಿಕ್ ಕೇಳಲಿಲ್ಲ.

*

ಅದು ಹಿಂದಿನ ವರ್ಷ, ೨೦೦೮ರ ಜೂನ್. ಆಗ ನರ್ಸುಗಳ ಕಂಪ್ಯೂಟರು ಬಳಸುವ ತಂತಿಯಲ್ಲೇ ನಕಲೂ ಹೋಗುತ್ತಿತ್ತು. ಹಿಂದಿನ ದಿನದ ನಕಲು ಅರ್ಧಕ್ಕೆ ನಿಂತಿದ್ದರಿಂದ ಅಪ್ಸರ್ ಬೆಳಗ್ಗೆ ಹನ್ನೊಂದಕ್ಕೆ ಮತ್ತೆ ಶುರು ಮಾಡಿದ. ಹತ್ತು ನಿಮಿಷಕ್ಕೆ ಕೆಳಗಿನ ವಾರ್ಡುಗಳ ಪರದೆಗಳೆಲ್ಲ ಸ್ತಬ್ಧವಾದವು.

ಅದೇ ಹೊತ್ತಿಗೆ ಲಕ್ಷ್ಮಿದೇವಿ ಎಂಬ ತುಂಬು ಗರ್ಭಿಣಿಯನ್ನು ರಕ್ತಸ್ರಾವವಾಗುತ್ತಿದ್ದಂತೆ ಕರೆತಂದರು. ಅವಳ ಹಿಂದಿನ ಪರೀಕ್ಷೆಗಳು, ರಕ್ತದ ಗುಂಪು ಎಲ್ಲವೂ ಕಂಪ್ಯೂಟರಿನಲ್ಲಿದ್ದವು. ನರ್ಸು ಫೋನ್ ಮಾಡಿದಳು. ಅಪ್ಸರ್ ನಕಲನ್ನು ನಿಲ್ಲಿಸಿದ. ಪರದೆಗಳು ಜೀವ ಪಡೆಯಲು ಇನ್ನೂ ಇಪ್ಪತ್ತು ನಿಮಿಷ ಹಿಡಿಯಿತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ.

"ರಿಪೋರ್ಟು ಮೊದಲೇ ಸಿಕ್ಕಿದ್ರೂ ಉಳೀತಿತ್ತೋ ಇಲ್ವೋ" ಎಂದರು ಡಾಕ್ಟರು. ಮರುದಿನದಿಂದ ಅಪ್ಸರ್, ಎರಡು ಊರಿನಲ್ಲೂ ದಾಖಲೆ ಕೂಡಿಡುವ ಉಗ್ರಾಣ ಪೆಟ್ಟಿಗೆಗಳ ನಡುವೆಯೇ ನೇರ ತಂತಿ ಬೇಕೆಂದು ಅರ್ಜಿ ಬರೆಯತೊಡಗಿದ. ನಕಲು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಹೋಗಬೇಕು, ಬದಲಾದಷ್ಟು ಮಾತ್ರ ಹೋಗಬೇಕು, ನರ್ಸುಗಳ ತಂತಿಯಲ್ಲಿ 'ಶುರು' ಎಂಬ ಒಂದು ಆಜ್ಞೆಯ ಹೊರತು ಬೇರೇನೂ ಹಾಯಬಾರದು. ಹನ್ನೊಂದು ಅರ್ಜಿ ಬರೆದ.

*

ಒಳಗೆ ಹೆಂಗಸರ ನಡುವೆ ಅಪ್ಸರನ ಹೆಂಡತಿ ತಾಹಿರಾ ಕಣ್ಣೀರಿಲ್ಲದೆ ಕೂತಿದ್ದಳು. ಪಕ್ಕದ ಚಾಪೆಯಲ್ಲಿ ಹದಿನಾಲ್ಕು ತಿಂಗಳ ಅಸ್ಮಾ ಮಲಗಿತ್ತು. ಗಂಡ ಈ ಮಗಳನ್ನು ಒಂದು ವರ್ಷದಿಂದ ಎತ್ತಿಕೊಂಡಿರಲಿಲ್ಲ. ಆಟಿಕೆ ತರುತ್ತಿದ್ದ, ನಿದ್ದೆ ಮಾಡುವಾಗ ಬಗ್ಗಿ ನೋಡುತ್ತಿದ್ದ, ಮಗು ತೋಳು ಚಾಚಿದರೆ ಮಾತ್ರ ಕೈ ಹಿಂದಕ್ಕೆ ಕಟ್ಟಿಕೊಂಡು ಎದ್ದು ಹೋಗುತ್ತಿದ್ದ. "ಹೆಣ್ಣಾಯ್ತು ಅಂತ ಬೇಜಾರಾ?" ಎಂದು ಅವಳು ಒಮ್ಮೆ ಕೇಳಿದಾಗ ಅವನು ಅತ್ತುಬಿಟ್ಟಿದ್ದ. ಕಾರಣ ಹೇಳಿರಲಿಲ್ಲ. ಆ ಸಿಟ್ಟು ಈಗಲೂ ಆರಿರಲಿಲ್ಲ.

ಬಾಗಿಲಲ್ಲಿ ಒಬ್ಬ ಮುದುಕಿ ಚಪ್ಪಲಿ ಕೈಯಲ್ಲಿ ಹಿಡಿದು ಅಳುಕುತ್ತ ನಿಂತಳು. ಯಾರೋ ಒಳಗೆ ಕರೆದರು. ನೇರ ಬಂದು ತಾಹಿರಾಳ ಎದುರು ಕೂತಳು.

"ನಾನು ರಾಚಮ್ಮ ಕಣವ್ವಾ. ತೆರಕಣಾಂಬಿ ತಾವ ನಮ್ಮೂರು. ನನ್ ಮಗಳು ಲಕ್ಷ್ಮಿ ಕೂಸು ಓದಾಗ ನಿನ್ ಗಂಡ ಮನೆಗ್ ಬಂದಿದ್ದ. 'ನನ್ ಮಿಷಿನಿಂದ ತಡ ಆಯ್ತು ಅಮ್ಮಾ' ಅಂತ ಏಳ್ದ. ಆಸ್ಪತ್ರೆಯೋರು ಯಾರೂ ಏಳ್ಲಿಲ್ಲ, ಅವನೊಬ್ನೇ ಬಂದು ಏಳ್ದ."

ತಾಹಿರಾ ತಲೆ ಎತ್ತಿದಳು.

"ನಂಗೆ ಒಟ್ಟೆ ಉರೀತಿತ್ತು. ನಿನ್ ಕೈ ನಿನ್ ಮಗೀನ ಎತ್ಕಳಕ್ಕೂ ಬರ್ದೋಗ್ಲಿ ಅಂದ್ಬುಟ್ಟೆ. ಅವನು ತಲೆ ಬಗ್ಸ್ಕಂಡು ನಿಂತಿದ್ದ." ರಾಚಮ್ಮ ಸೆರಗಿನಿಂದ ಮೂಗು ಒರೆಸಿಕೊಂಡಳು. "ಓದ ವಾರ ಲಕ್ಷ್ಮಿಗೆ ಗಂಡ್ ಮಗ ಆಯ್ತು. ಅದ್ನ ಅವನ್ಗೆ ಏಳವಾ, ಆ ಮಾತ್ನ ವಾಪಸ್ ತಕ್ಕಳವಾ ಅಂತ ಇವತ್ತು ಆಸ್ಪತ್ರೆಗ್ ಓದೆ. ಇಂಗಾಯ್ತು ಅಂದ್ರು. ಅವನ್ಗೆ ಮಕ್ಳಿದ್ವೇನವ್ವಾ?"

ತಾಹಿರಾ ಚಾಪೆಯ ಕಡೆ ತಿರುಗಿದಳು. ಅಷ್ಟರಲ್ಲಿ ಅಸ್ಮಾ ಎದ್ದು ಅಳತೊಡಗಿತು. ರಾಚಮ್ಮ ಅಭ್ಯಾಸಬಲದಿಂದ ಬಾಚಿ ಎತ್ತಿಕೊಂಡಳು.

"ಇದ್ಯಾರ್ ಮಗೀನವ್ವಾ?"

ಸುತ್ತಲಿನ ಹೆಂಗಸರು ತಾಹಿರಾಳ ಮುಖ ನೋಡಿದರು.

"ನಮ್ ತಂಗೀದು ಅಮ್ಮಾ" ಎಂದಳು ತಾಹಿರಾ. "ಅವ್ರು ನಿಮ್ ಮೇಲೆ ಬೇಜಾರ್ ಮಾಡ್ಕೊಂಡಿರ್ಲಿಲ್ಲ."

ರಾಚಮ್ಮ ದೊಡ್ಡದೊಂದು ಉಸಿರು ಬಿಟ್ಟಳು. ಹೊರಗೆ ಗಂಡಸರು ಶವದ ಡೋಲಿಗೆ ಹೆಗಲು ಕೊಟ್ಟರು. ಕಲಿಮಾ ಪಠಿಸುವ ದನಿ ಅಂಗಳ ದಾಟಿ ಬೀದಿಗಿಳಿಯಿತು. ತಾಹಿರಾ ಎದ್ದು ಬಾಗಿಲ ಚೌಕಟ್ಟು ಹಿಡಿದು ನಿಂತಳು, ಈಗ ಮೊದಲ ಸಲ ಬಿಕ್ಕುತ್ತ. ಅವಳ ಹಿಂದೆ ರಾಚಮ್ಮ ಮಗುವನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ತಟ್ಟುತ್ತ, ಕೋಣೆಯ ಆ ಗೋಡೆಯಿಂದ ಈ ಗೋಡೆಗೆ ಮೆಲ್ಲಗೆ ಓಡಾಡುತ್ತಿದ್ದಳು.