ಅಮ್ಮನ ಜಾಗಕ್ಕೆ ನಾಯಿ

ಅಮೆರಿಕದ ಹಾಡುಗಳ ಊರಾದ ನ್ಯಾಶ್‌ವಿಲ್‌ನಲ್ಲಿ ಹಲ್ಲು ಕೀಳಿಸಿಕೊಳ್ಳುವ ಹಾಗೆಯೇ ಹಾಡು ಬರೆಯುವುದಕ್ಕೂ ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಬೆಳಗ್ಗೆ ಹನ್ನೊಂದಕ್ಕೆ, ಗಾಯಕರಿಗೆ ಹಾಡು ಮಾರುವ ಪ್ರಕಾಶಕರ ಕಚೇರಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಇಬ್ಬರು ಗಿಟಾರು ಹಿಡಿದು ಕೂರುತ್ತಾರೆ. ಒಂದೇ ಗಂಟೆಯೊಳಗೆ ಸ್ಫೂರ್ತಿ ಬಂದು ಹೋಗಬೇಕು, ಆಮೇಲೆ ಕೋಣೆ ಬೇರೆಯವರದು. ಅಲ್ಲಿ ಹಾಡಿದ್ದೆಲ್ಲ ಇಬ್ಬರಿಗೂ ಸಮಪಾಲು. ಒಬ್ಬರು ಬರೆದು ಇನ್ನೊಬ್ಬರು ಆಕಳಿಸಿದ್ದರೂ ಸರಿ.

ರೋಡಾ ಪಿಕೆಟ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಹದಿನೈದು ವರ್ಷ ಹಾಡು ಬರೆದ ಅನುಭವ, ಎರಡು ಕವನಸಂಕಲನ. ಎರಡನ್ನೂ ಪೂರ್ತಿ ಓದಿದವಳು ಕರಡು ತಿದ್ದಿದಾಕೆ ಮಾತ್ರ. ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಾಲುಚೀಲದ ತುದಿ ಹೊಲಿದು ಸತ್ತ ಅಮ್ಮನ ಮೇಲೆ ಅವಳೊಂದು ಹಾಡು ಕಟ್ಟಿದ್ದಳು. ಅದನ್ನು ಮಾತ್ರ ಆ ಕೋಣೆಗೆ ತರಬಾರದೆಂದು ಆಣೆ ಹಾಕಿಕೊಂಡಿದ್ದಳು. ಆದರೆ ಆ ದಿನ ಜೊತೆಗಾರ ಲೈಲ್ ಮುಕ್ಕಾಲು ಗಂಟೆ ಚಿಪ್ಸ್ ಅಗಿಯುತ್ತಲೇ ಕೂತ. ಮೌನಕ್ಕೆ ಮುಜುಗರವಾಗಿ ರೋಡಾ ಅದನ್ನೇ ಹಾಡಿಬಿಟ್ಟಳು.

"ಎರಡನೇ ಸಾಲಲ್ಲಿ ಒಂದು 'ಓ' ಹಾಕು," ಎಂದ ಲೈಲ್. ಅಲ್ಲಿಗೆ ಅವನು ಅರ್ಧ ಅಮ್ಮನಿಗೆ ವಾರಸುದಾರನಾದ.

ವಾರದೊಳಗೆ ಕಚೇರಿಯ ಟ್ವೈಲಾ ಇಬ್ಬರನ್ನೂ ಕರೆಸಿದಳು. ಹೆಸರಾಂತ ಗಾಯಕನೊಬ್ಬ ಹಾಡನ್ನು ಮೆಚ್ಚಿದ್ದ.

"ಒಂದೇ ಒಂದು ಚೂರು ಬದಲಾವಣೆ, ಚಿನ್ನ. ಅಮ್ಮನ ಬದ್ಲು ನಾಯಿ."

"ನಾಯಿನಾ?"

"ಅಮ್ಮ ಸತ್ರೆ ಜನ ರೇಡಿಯೊ ಆರಿಸ್ತಾರೆ. ನಾಯಿ ಸತ್ರೆ ಗಾಡಿ ಪಕ್ಕಕ್ಕೆ ಹಾಕ್ಕೊಂಡು ಅಳ್ತಾರೆ."

"ನಾನಾಗ್ಲೇ ತಿದ್ದಿದೀನಿ," ಲೈಲ್ ಹಿಗ್ಗಿದ. "ಅಮ್ಮ ಕಾಲುಚೀಲ ಹೊಲೀತಿದ್ರಲ್ಲ, ಇದು ಕಚ್ಚಿ ಹರಿಯುತ್ತೆ. ಅಷ್ಟೇ ವ್ಯತ್ಯಾಸ!"

"ನಿಮ್ಮಮ್ಮ ಇದಾರಲ್ಲ ಲೈಲ್, ಅವರನ್ನ ಮಾಡು ನಾಯಿ," ಎಂದಳು ರೋಡಾ.

ಟ್ವೈಲಾ ದನಿ ತಗ್ಗಿಸಿದಳು. "ನೋಡು ರೋಡಾ, ಹದಿನೈದು ವರ್ಷಕ್ಕೆ ಇದೊಂದೇ ಅವಕಾಶ ಬಂದಿರೋದು. ನೀನು ಒಪ್ದೆ ಇದ್ರೆ ಹಾಡು ಹೊರಗೆ ಹೋಗಲ್ಲ, ನಿಜ. ಆದ್ರೆ ಆಮೇಲೆ ನಿನ್ನನ್ನ ಕರೆಯೋರೂ ಇರಲ್ಲ."

ರೋಡಾ ಅಮ್ಮನನ್ನು ನೆನೆದಳು. ಕೇಳಿದ್ದರೆ ಅಮ್ಮನೇ ನಕ್ಕು ಒಪ್ಪಿಬಿಡುತ್ತಿದ್ದಳೇನೋ. ಬೇರೆಯವರಿಗೆ ಜಾಗ ಬಿಟ್ಟುಕೊಟ್ಟೇ ಬದುಕಿದವಳು.

"ನಾನು ಒಪ್ಪಲ್ಲ," ಎಂದಳು ರೋಡಾ.

ಟ್ವೈಲಾಗೆ ಅಂಥ ಬೇಸರವೇನೂ ಆಗಲಿಲ್ಲ; ಊರಲ್ಲಿ ನಾಯಿಗಳಿಗೆ ಬರವಿರಲಿಲ್ಲ. ಲೈಲ್ ಮರುದಿನವೇ ಇನ್ನೊಬ್ಬನ ಜೊತೆ ಕೂತು, ಹನ್ನೊಂದಕ್ಕೆ ಹೊಸ ನಾಯಿಯೊಂದನ್ನು ಹುಟ್ಟಿಸಿ ಹನ್ನೆರಡರೊಳಗೆ ಸಾಯಿಸಿದ.

ಬೇಸಿಗೆಯಲ್ಲಿ ಆ ಹಾಡು ದೇಶವನ್ನೆಲ್ಲ ಗೋಳೋ ಎನ್ನಿಸಿತು. ರೋಡಾಳನ್ನು ನಿಜವಾಗಿಯೂ ಯಾರೂ ಕರೆಯಲಿಲ್ಲ. ಒಮ್ಮೆ ದಿನಸಿ ಅಂಗಡಿಯಲ್ಲಿ ಅದು ಕೇಳಿಬಂದಾಗ ಅವಳು ಕೈಗಾಡಿ ನಿಲ್ಲಿಸಿ, ಎಲ್ಲಾದರೂ ಅಮ್ಮನ ಸಾಲು ನುಸುಳಿದೆಯೇ ಎಂದು ಕಡೇ ಸಾಲಿನವರೆಗೂ ಕೇಳಿದಳು. ಅಮ್ಮನ ಒಂದೆಳೆಯೂ ಅದರಲ್ಲಿರಲಿಲ್ಲ.

ಪಕ್ಕದಲ್ಲಿ ಮುದುಕಿಯೊಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳು. "ನಿಂದೂ ಹೋಯ್ತಾ, ಮಗೂ?"

"ಇಲ್ಲ ಮೇಡಂ," ಎಂದಳು ರೋಡಾ. "ನಮ್ದು ಉಳೀತು."