ಗ್ರಾಹಕರ ಕಟ್ಟೆಯಲ್ಲಿ ಅಕ್ಕ

ಹೊಲಿಗೆಯಂತ್ರದ ಕಂಪನಿಯೊಂದರ ಜಾಲತಾಣದಲ್ಲಿ ಗ್ರಾಹಕರ ಪ್ರಶ್ನೆಗಳಿಗೆ ಉತ್ತರ ಬರೆಯುವುದು ತಂಗಿಯ ಕೆಲಸವಾಗಿತ್ತು. ದಾರವೇಕೆ ತುಂಡಾಗುತ್ತದೆ, ಸೂಜಿಯೇಕೆ ಮುರಿಯುತ್ತದೆ ಎಂದು ಕೇಳಿದವರಿಗೆ ಎಳೆಎಳೆಯಾಗಿ ಬಿಡಿಸಿ ಹೇಳುತ್ತಿದ್ದಳು. ಅವಳದೂ, ಮಂಡಿನೋವಿನಿಂದ ಮನೆ ಹಿಡಿದಿದ್ದ ಅಕ್ಕನದೂ ಹೊಟ್ಟೆ ತುಂಬುತ್ತಿದ್ದುದು ಆ ಸಂಬಳದಿಂದಲೇ.

ಒಂದು ದಿನ ಮ್ಯಾನೇಜರು, ಇನ್ನು ಗ್ರಾಹಕರೇ ಗ್ರಾಹಕರಿಗೆ ಉತ್ತರಿಸಲೆಂದು ಜಾಲತಾಣದಲ್ಲಿ ‘ಗ್ರಾಹಕರ ಕಟ್ಟೆ’ ತೆರೆಸಿದರು. ಕಟ್ಟೆಯೇನೋ ಸಿದ್ಧವಾಯಿತು, ಕೂರುವವರೇ ಇರಲಿಲ್ಲ.

“ಖಾಲಿ ಅಂಗಡಿಗೆ ಯಾರು ಕಾಲಿಡ್ತಾರೆ? ನಿಮ್ಮ ನಿಮ್ಮ ಮನೆಯವರನ್ನೇ ತಂದು ಕೂರಿಸಿ, ಒಂದಿಷ್ಟು ಗದ್ದಲ ಆಗ್ಲಿ,” ಎಂದು ಕೆಲಸದವರಿಗೆಲ್ಲ ಹೇಳಿದರು.

ಉಳಿದವರು ತಂದು ಕೂರಿಸಿದ ಭಾವಮೈದುನರೂ ನಾದಿನಿಯರೂ ‘ಬಹಳ ಚೆನ್ನಾಗಿದೆ’ ಎಂದು ಗೀಚಿ ಮಾಯವಾದರು. ತಂಗಿ ಸೇರಿಸಿದ್ದು ಅಕ್ಕನನ್ನು. ಅಕ್ಕ ಮಾಯವಾಗಲಿಲ್ಲ.

ಹೇಗಾದಾಳು? ಮದುವೆಯ ಉಡುಪಿನಿಂದ ದಿಂಬಿನ ಚೀಲದವರೆಗೆ ಹೊಲಿದ ಕೈ ಅದು. ‘ಬಾಬಿನಕ್ಕ’ ಎಂಬ ಹೆಸರಿಟ್ಟುಕೊಂಡು, “ಮೇಲಿನ ದಾರ ನೆಟ್ಟಗೆ ಪೋಣಿಸದೆ, ಕೆಳಗೆ ದಾರ ಸುತ್ತಿಟ್ಟ ಬಾಬಿನ್‌ಗೆ ಬೈದ್ರೆ, ಅಣ್ಣನ ತಪ್ಪಿಗೆ ತಮ್ಮನ ಕಿವಿ ಹಿಂಡಿದ ಹಾಗಾಯ್ತು,” ಎಂದೆಲ್ಲ ಬರೆದಳು. ಜನ ಮುಗಿಬಿದ್ದರು. ಬೆಳಗಾದರೆ ನರಳುತ್ತಿದ್ದವಳು ಈಗ, “ನೋಡೇ, ಆ ದರ್ಜಿ ಮಷೀನು ಸರಿಹೋಯ್ತಂತೆ!” ಎಂದು ಮನೆಯೆಲ್ಲ ಕೇಳುವಂತೆ ಕೂಗುತ್ತಿದ್ದಳು.

ಕೆಲವು ತಿಂಗಳ ಮೇಲೆ ಮ್ಯಾನೇಜರು ತಂಗಿಯನ್ನು ಒಳಗೆ ಕರೆದರು.

“ನಿಮ್ಮ ಹತ್ರ ಪ್ರಶ್ನೆಗಳೇ ಬರ್ತಿಲ್ವಲ್ಲಮ್ಮ. ಎಲ್ಲಾನೂ ಆ ಬಾಬಿನಕ್ಕನೇ ಮುಗಿಸ್ತಾರೆ. ಅವರ ಹೆಸರಿನ ಪಕ್ಕ ಒಂದು ಚಿನ್ನದ ನಕ್ಷತ್ರ ಹಾಕಿಕೊಟ್ಟಿದ್ದೀವಿ.”

“ಅವರಿಗೆ ಸಂಬಳ?”

“ನಕ್ಷತ್ರ ಕೊಟ್ಟ ಮೇಲೆ ಸಂಬಳ ಯಾಕೆ?” ಮ್ಯಾನೇಜರು ನಕ್ಕರು. “ಈ ತಿಂಗಳು ಮುಗಿಸಿಬಿಡಿ. ಬೇಜಾರು ಮಾಡ್ಕೋಬೇಡಿ.”

ಆ ಬಾಬಿನಕ್ಕ ತನ್ನ ಒಡಹುಟ್ಟಿದವಳೆಂದು ತಿಳಿಸದೆಯೇ ತಂಗಿ ಎದ್ದು ಬಂದಳು.

ಬರೆಯುವುದನ್ನು ನಿಲ್ಲಿಸೆಂದು ಅಕ್ಕನಿಗೆ ಹೇಳಿಬಿಡಬೇಕು ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿಮಾಡಿಕೊಂಡು ಬಂದಳು. ಅಕ್ಕ ಬಾಗಿಲಿಗೇ ಬಂದು, ಗೋಡೆ ಹಿಡಿದು ನಿಂತು, ಫೋನಿನಲ್ಲಿ ಹೊಳೆಯುತ್ತಿದ್ದ ನಕ್ಷತ್ರವನ್ನು ತೋರಿಸಿದಳು. ತಂಗಿಯ ಬಾಯಿಂದ ಹೊರಟದ್ದು ಇಷ್ಟೇ:

“ಕೆಲಸ ಹೋಯ್ತಕ್ಕಾ. ಇನ್ನು ಆ ಕೆಲಸಕ್ಕೆ ಜನ ಬೇಡವಂತೆ.”

“ಅವರ ಕೈ ಸೇದಿಹೋಗ! ತಾಳು, ಕಟ್ಟೆಯಲ್ಲೇ ಪಂಚಾಯ್ತಿ ಮಾಡಿಸ್ತೀನಿ. ಅಲ್ಲಿ ನನ್ನ ಮಾತಿಗೆ ಬೆಲೆ ಇದೆ.”

ತಂಗಿ ತಡೆಯುವಷ್ಟರಲ್ಲಿ ಅಕ್ಕ, ತನ್ನ ತಂಗಿಯ ಕೆಲಸ ಕಿತ್ತುಕೊಂಡರೆಂದು ಕಟ್ಟೆಯಲ್ಲಿ ಬರೆದಾಗಿತ್ತು. ಅಳುವ ಮುಖಗಳ, ಮುಗಿದ ಕೈಗಳ ಪುಟ್ಟ ಚಿತ್ರಗಳು, ಸಮಾಧಾನದ ಮಾತುಗಳು ಸಾಲುಗಟ್ಟಿ ಬಂದವು. ಅಕ್ಕ ಒಂದೊಂದನ್ನೂ ಗೆದ್ದವಳಂತೆ ಓದಿದಳು. ಓದುತ್ತ ಓದುತ್ತ ನಡುವೆ ಅವಳ ದನಿ ನಿಂತುಹೋಯಿತು. ತಂಗಿ ಬಗ್ಗಿ ನೋಡಿದಳು.

‘ಅಯ್ಯೋ ಪಾಪ. ಆದರೂ ಬಾಬಿನಕ್ಕ, ನೀವೇ ಇಷ್ಟು ಚೆನ್ನಾಗಿ ಹೇಳಿಕೊಡುವಾಗ, ಸಂಬಳ ಕೊಟ್ಟು ಇನ್ನೊಬ್ಬರನ್ನು ಇಟ್ಟುಕೊಳ್ಳುವುದು ದಂಡವಲ್ಲವೇ?’

ಅದರ ಕೆಳಗೆ ಮೆಚ್ಚುಗೆಯ ಹೆಬ್ಬೆರಳುಗಳು ನೋಡನೋಡುತ್ತಲೇ ಏರುತ್ತಿದ್ದವು.

“ನಿನ್ನ ಕೆಲಸ ಕಳೆದದ್ದು ನಾನೇನೇ?” ಎಂದಳು ಅಕ್ಕ.

ತಂಗಿ ಅವಳ ಕೈಯಿಂದ ಫೋನು ತೆಗೆದು ಪಕ್ಕಕ್ಕಿಟ್ಟಳು.

“ಇವತ್ತಿಂದ ಒಂದಕ್ಷರ ಬರೆಯಲ್ಲ. ಪ್ರಶ್ನೆ ಎಲ್ಲ ಹಾಗೇ ಕೊಳೀಲಿ. ಆಗ ನಿನ್ನ ಕರೀಲೇಬೇಕು, ಅಲ್ವೇನೇ?”

ಫೋನು ಗುಂಯ್‌ಗುಟ್ಟಿತು. ಯಾರದೋ ಯಂತ್ರದ ಸೂಜಿ ಬಟ್ಟೆಯಲ್ಲಿ ಸಿಕ್ಕಿಕೊಂಡಿತ್ತು. ಅಕ್ಕ ಎರಡೂ ಕೈಗಳನ್ನು ಸೆರಗಿನಡಿ ಅಡಗಿಸಿಕೊಂಡು ಕುಳಿತಳು. ಇಬ್ಬರೂ ಪರದೆಯನ್ನೇ ನೋಡುತ್ತಿದ್ದರು. ನೋಡುತ್ತಿದ್ದಂತೆಯೇ, ಹೆಸರು ಕೇಳದ ಯಾರೋ ಒಬ್ಬರು ಪ್ರಶ್ನೆಗೆ ಉತ್ತರ ಬರೆದರು. ಉತ್ತರ ಸರಿಯಾಗಿಯೇ ಇತ್ತು.