ಕಂಬಳಿಯೊಳಗಿನ ಶಾಖ

ಎದೆಯ ಮೇಲೆ ಒದ್ದೆ ಕರವಸ್ತ್ರ ಇಟ್ಟ ಹಾಗೆ, ಇಷ್ಟು ತಣ್ಣಗಿರುತ್ತದೆಯೇ ಮಗು, ನನ್ನ ಮಗಳು, ತಿಂಗಳು ತುಂಬುವ ಮೊದಲೇ ಅವಸರ ಮಾಡಿಕೊಂಡು ಇವತ್ತು ಬೆಳಿಗ್ಗೆ ಬಂದವಳು — ಶರ್ಟು ಬಿಚ್ಚಿ ಸರ್, ನಾಚ್ಕೋಬೇಡಿ, ಅಮ್ಮನಿಗೆ ಇನ್ನೂ ಮಂಪರು ಇಳಿದಿಲ್ಲ, ಮಗು ಬೆಚ್ಚಗಿಡೋ ವಾರ್ಮರ್ ಎರಡೂ ಖಾಲಿ ಇಲ್ಲ, ಅಲ್ಲಿವರೆಗೆ ನೀವೇ ವಾರ್ಮರ್, ಎಂದು ಸಿಸ್ಟರ್ ಅವಳನ್ನು ನನ್ನ ಬರಿ ಎದೆಗೆ ಒರಗಿಸಿ, ತಲೆಗೆ ಟೋಪಿ ಹಾಕಿ, ಇಬ್ಬರಿಗೂ ಸೇರಿಸಿ ಕಂಬಳಿ ಸುತ್ತಿದರು, ಮೂವತ್ತೈದು ಡಿಗ್ರಿ ಇದೆ, ಮೂವತ್ತಾರೂವರೆ ಆಗ್ಲೇಬೇಕು, ಇನ್ನೂ ತಣ್ಣಗಾದ್ರೆ ಉಸಿರಿಗೆ ಕಷ್ಟ, ಅಲ್ಲಾಡಬೇಡಿ — ಅಲ್ಲಾಡುವುದೆಲ್ಲಿ, ಉಸಿರಾಡಲೂ ನನಗೆ ಹೆದರಿಕೆ, ವರ್ಷವರ್ಷವೂ ಭೌತಶಾಸ್ತ್ರದ ತರಗತಿಯಲ್ಲಿ ನಾನು ಕಪ್ಪುಹಲಗೆಯ ಮೇಲೆ ಬರೆದದ್ದು ಇದೇ ಅಲ್ಲವೇ, ಶಕ್ತಿ ಹುಟ್ಟುವುದಿಲ್ಲ, ನಾಶವಾಗುವುದಿಲ್ಲ, ಒಳಗೆ ಬಂದ ಶಾಖದಲ್ಲಿ ಹೊರಗೆ ಮಾಡಿದ ಕೆಲಸ ಕಳೆದರೆ ಮಿಕ್ಕಿದ್ದೆಲ್ಲ ಆಂತರಿಕ ಶಕ್ತಿಗೆ ಜಮೆ, ಸರ್, ಮುಚ್ಚಿದ ವ್ಯವಸ್ಥೆ ಅಂದ್ಮೇಲೆ ಏನೂ ಒಳಗೆ ಹೋಗಲ್ವಲ್ಲ, ಮತ್ತೆ ಬಿಸಿ ಹೇಗೆ ಹೋಗುತ್ತೆ, ಎಂದು ಕೇಳಿದ್ದಳು ಮುಂದಿನ ಬೆಂಚಿನ ಹುಡುಗಿ, ವಸ್ತು ಹೋಗಲ್ಲಮ್ಮ, ಶಾಖ ಹೋಗುತ್ತೆ, ಮುಚ್ಚಳ ಹಾಕಿದ ಪಾತ್ರೆ ಒಲೆ ಮೇಲಿಟ್ಟ ಹಾಗೆ — ಇಗೋ ಇವಳೇ ಪಾತ್ರೆ, ನಾನೇ ಒಲೆ, ಒಂದು ತೊಟ್ಟು ಹಾಲೂ ಇನ್ನೂ ಒಳಗೆ ಹೋಗಿಲ್ಲ, ಆದರೂ ಶಾಖ ಹೋಗುತ್ತಿದೆ, ಚರ್ಮದಿಂದ ಚರ್ಮಕ್ಕೆ ಸದ್ದಿಲ್ಲದೆ ದಾಟುತ್ತಿದೆ, ಉಸಿರಾಡುವವಳು ಪೂರ್ತಿ ಮುಚ್ಚಿದ ವ್ಯವಸ್ಥೆ ಅಲ್ಲ, ಇರಲಿ, ನನ್ನ ಹೋಲಿಕೆ ಅರ್ಧ ಅಂಕ ಕಳೆದುಕೊಳ್ಳಲಿ — ಹೊಟ್ಟೆ ನೋಡ್ಕೊಳ್ಳಿ, ಹೆರಿಗೆ ನನಗೋ ನಿಮಗೋ, ಎಂದು ಹೆಂಡತಿ ಛೇಡಿಸುತ್ತಿದ್ದಳಲ್ಲ, ಈಗ ಗೊತ್ತಾಯಿತು ಕಣೇ, ಈ ಬೊಜ್ಜು ಇವಳಿಗೆಂದೇ ಕೂಡಿಟ್ಟದ್ದು, ತಿಂದ ಒಂದು ತುತ್ತೂ ಪೋಲಾಗಿಲ್ಲ, ಎಲ್ಲ ಉರಿಯಲಿ, ಎಲ್ಲ ಹೋಗಲಿ, ಬಾಗಿಲ ಸಂದಿಯಲ್ಲಿ ಅತ್ತೆಯ ಕನ್ನಡಕ, ಹೇಗಿದಾಳಪ್ಪಾ, ಬಿಸಿಯಾದಳಾ, ಆಗ್ತಿದಾಳೆ ಅತ್ತೆ, ಗದ್ದದ ಕೆಳಗೆ ಟೋಪಿ ಬೆಚ್ಚಗಿದೆ, ಅಥವಾ ಅದು ನನ್ನದೇ ಬಿಸಿ ನನಗೆ ಮರಳಿದ್ದೋ, ಸಿಸ್ಟರ್ ಬಂದರು, ಮಗುವಿನ ಕಂಕುಳಲ್ಲಿ ಥರ್ಮಾಮೀಟರ್, ಅವರ ಹುಬ್ಬನ್ನೇ ನೋಡುತ್ತಿದ್ದೇನೆ, ಮೇಲೇರುತ್ತದೋ ಕೆಳಗಿಳಿಯುತ್ತದೋ, ಮೂವತ್ತಾರು, ಏರ್ತಾ ಇದೆ ಸರ್, ಹಾಗೇ ಇರಿ — ಹಾಗೇ ಇರುತ್ತೇನೆ ತಾಯಿ, ಬೇಕಾದರೆ ಇಡೀ ವರ್ಷ ಹೀಗೇ ಇರುತ್ತೇನೆ, ಬೆನ್ನು ಸೆಳೆಯುತ್ತಿದೆ, ಸೆಳೆಯಲಿ, ಮುಂದಿನ ಬೆಂಚಿನ ಆ ಹುಡುಗಿಗೆ ಹೇಳಬೇಕು, ಸೂತ್ರ ನಿಜ ಕಣಮ್ಮ, ಮುಟ್ಟಿ ನೋಡಿದೆ, ಮತ್ತೆ ಥರ್ಮಾಮೀಟರ್, ಮೂವತ್ತಾರೂವರೆ, ಸಿಸ್ಟರ್ ನಗುತ್ತಿದ್ದಾರೆ, ಪಕ್ಕದ ಕೋಣೆಯಿಂದ ಹೆಂಡತಿಯ ದನಿ, ಎಲ್ಲೇ ಅಮ್ಮಾ ನನ್ನ ಮಗು, ಎದ್ದಳು, ಮಂಪರು ಇಳಿದು ಎದ್ದಳು, ಇಲ್ಲಿದ್ದಾಳೆ ಎಂದು ಕೂಗಬೇಕು, ಬಾಯಿ ತೆರೆಯುತ್ತೇನೆ, ಅಷ್ಟರಲ್ಲಿ ಪಕ್ಕೆಲುಬಿಗೆ ಏನೋ ತಾಗಿತು, ಒದ್ದಳು, ಒಳಗೆ ಹೋದ ಶಾಖ ಕೆಲಸವಾಗಿ ಹೊರಬಂತು, ಹೆಬ್ಬೆರಳಿನಷ್ಟು ಹಿಮ್ಮಡಿ, ಮತ್ತೊಮ್ಮೆ — ಹಿಮ್ಮಡಿ — ಕಂಬಳಿಯ ಸಂದಿಯಲ್ಲಿ ಕೆಂಪು ಹಿಮ್ಮಡಿ —